45ರ ನಂತರ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯೋಕೆ ಶುರು ಮಾಡಬಹುದಾ?

ಖಂಡಿತ ಮಾಡಬಹುದು. ಹಳೆಯ ಗಾಯ ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ಇದರಲ್ಲಿ ಗುದ್ದು, ಒದೆತ ಇಲ್ಲ. ಹೆಚ್ಚಾಗಿ ನೆಲದ ಮೇಲೆ ಹಿಡಿತ ಹಾಕಿ ಸೋಲೊಪ್ಪಿಸುವ ಆಟ.

ವಯಸ್ಸಾದವರಿಗೂ ಇದು ಒಗ್ಗುತ್ತದೆ. ಯಾಕೆಂದರೆ ಇಲ್ಲಿ ತೋಳಿನ ಬಲಕ್ಕಿಂತ ಮೀಟುವ ಜಾಣ್ಮೆ ಮುಖ್ಯ. ಆರ್ಮ್‌ಬಾರ್ ಅನ್ನೋ ಪಟ್ಟನ್ನೇ ನೋಡಿ. ಎದುರಾಳಿಯ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು, ಅವನ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ, ನಿಧಾನಕ್ಕೆ ಸೊಂಟ ಎತ್ತುತ್ತೀರಿ. ಅವನ ಒಂದು ಕೈಗೆ ನಿಮ್ಮ ಇಡೀ ಮೈ ಎದುರು. ಹಾರೆ ಕೊಟ್ಟು ಬಂಡೆ ಮೀಟಿದ ಹಾಗೆ, ಅಲ್ವಾ?

ಆದರೆ ವಯಸ್ಸಾದಂತೆ ಕೀಲಿನ ಪೆಟ್ಟು ವಾಸಿಯಾಗಲು ಜಾಸ್ತಿ ದಿನ ಬೇಕು. ಅದಕ್ಕೇ ಮೊದಲು ಕಲಿಯಬೇಕಾದ್ದು ಟ್ಯಾಪ್: ಎದುರಾಳಿಯ ಮೈಮೇಲೆ ಎರಡು ಸಲ ತಟ್ಟಿದರೆ ಅವನು ತಕ್ಷಣ ಬಿಡಬೇಕು. ನೋವಾಗುವ ತನಕ ಕಾಯಬೇಡಿ. ಮೊಣಕೈ ನೆಟ್ಟಗಾಗುತ್ತಿದೆ ಅನ್ನಿಸಿದ ಕೂಡಲೇ ತಟ್ಟಿಬಿಡಿ. ಸುಮ್ನೆ ಹಟ ಹಿಡಿದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ. ಶುರುವಿಗೆ ವಾರಕ್ಕೆ ಎರಡು ದಿನ ಸಾಕು.

ಅಮೆರಿಕದ ಬಾಣಸಿಗ ಆಂಟನಿ ಬೋರ್ಡೇನ್ 58ರ ಆಸುಪಾಸಿನಲ್ಲಿ ಇದನ್ನು ಶುರು ಮಾಡಿದರು. 2016ರಲ್ಲಿ ನ್ಯೂಯಾರ್ಕ್‌ನ ಟೂರ್ನಿಯೊಂದರಲ್ಲಿ, 51 ದಾಟಿದವರ ವಿಭಾಗದಲ್ಲಿ ಚಿನ್ನ ಗೆದ್ದರು.