ಡಿಲೀಟ್ ಮಾಡಿದ ಐಕಾನ್ ಮತ್ತೆ ಬಂತಾ? ಬರಲೇಬೇಕು

ಪ್ರಶ್ನೆ: ಅಪ್ಪನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಮೆನು ತುಂಬಾ ಅವರಿಗೆ ಬೇಡದ್ದೇ ಇದೆ. ಒಂದು ವಿಡಿಯೋ ನೋಡಿ ಡೆಸ್ಕ್‌ಟಾಪ್ ಫೈಲುಗಳನ್ನು (ಮೆನುವಿನ ಒಂದೊಂದು ಐಕಾನ್‌ಗೂ ಇರುವ ಫೈಲ್) ಸುಡೊ, ಅಂದ್ರೆ ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್, ಹಾಕಿ ಡಿಲೀಟ್ ಮಾಡಿದೆ. ಅಪ್‌ಡೇಟ್ ಆದಮೇಲೆ ಕೆಲವು ವಾಪಸ್ ಬಂದಿವೆ.

ಉತ್ತರ: ಮತ್ತೆ ಇದೇ ಪ್ರಶ್ನೆ! ಆ ವಿಡಿಯೋ ಮಾಡಿದ ಪುಣ್ಯಾತ್ಮ ಸಿಕ್ಕರೆ ನನಗೊಂದು ಮಾತು ತಿಳಿಸಿ. ಯುಎಸ್‌ಆರ್, ಶೇರ್, ಅದರೊಳಗಿನ ಅಪ್ಲಿಕೇಷನ್ಸ್ ಫೋಲ್ಡರ್ ನಿಮ್ಮದಲ್ಲ, ಪ್ರೋಗ್ರಾಮುಗಳನ್ನು ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ದು. ನೀವು ಅಳಿಸಿದ್ದನ್ನು ಅಪ್‌ಡೇಟ್ ಬಂದಾಗ ಅದು ತಂದಿಡುತ್ತದೆ, ಅದರ ಕೆಲಸವೇ ಅದು. ನಿಮ್ಮ ಜಾಗ ಹೋಮ್ ಫೋಲ್ಡರ್ ಒಳಗಿದೆ: ಡಾಟ್ ಲೋಕಲ್, ಶೇರ್, ಅಪ್ಲಿಕೇಷನ್ಸ್. ಬೇಡದ ಫೈಲನ್ನು ಹೆಸರು ಬದಲಿಸದೆ ಅಲ್ಲಿಗೆ ಕಾಪಿ ಮಾಡಿ. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಗೆಲ್ಲುವುದು ನಿಮ್ಮದೇ.

ಆ ಕಾಪಿಯಲ್ಲಿ 'ಡೆಸ್ಕ್‌ಟಾಪ್ ಎಂಟ್ರಿ' ಅನ್ನೋ ಮೊದಲ ಸಾಲಿನ ಕೆಳಗೇ 'ನೋಡಿಸ್‌ಪ್ಲೇ=ಟ್ರೂ' ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಎನ್ ಮತ್ತು ಡಿ ದೊಡ್ಡಕ್ಷರ, ಮಿಕ್ಕಿದ್ದೆಲ್ಲ ಚಿಕ್ಕದು. ಫೈಲಿನ ಕೊನೆಗೆ ಅಂಟಿಸಬೇಡಿ. ಎಷ್ಟೋ ಫೈಲುಗಳ ಕೊನೆಯಲ್ಲಿ ರೈಟ್ ಕ್ಲಿಕ್ ಆಯ್ಕೆಗಳ ಬೇರೆ ಭಾಗ ಇರುತ್ತೆ, ಅಲ್ಲಿ ಬಿದ್ದರೆ ಐಕಾನ್ ಕದಲುವುದೇ ಇಲ್ಲ, ಆಮೇಲೆ ನನಗೆ ಪತ್ರ ಬರುತ್ತೆ.

'ಹಿಡನ್=ಟ್ರೂ' ಹಾಕಿ ಅನ್ನುವವರ ಮಾತು ಕೇಳಬೇಡಿ. ನೋಡಿಸ್‌ಪ್ಲೇ ಅಂದ್ರೆ ಮೆನುವಿನಲ್ಲಿ ಕಾಣಬೇಡ ಅಂತ ಅಷ್ಟೇ. ಹಿಡನ್ ಅಂದ್ರೆ ಆ ಫೈಲ್ ಇಲ್ಲವೇ ಇಲ್ಲ ಅಂತ ಲೆಕ್ಕ. ನಾನೇ ಒಮ್ಮೆ ಅತ್ತೆಯವರ ಕಂಪ್ಯೂಟರಿನಲ್ಲಿ ಫೋಟೋ ತೋರಿಸುವ ಪ್ರೋಗ್ರಾಮಿಗೆ ಅದನ್ನು ಹಾಕಿ ಬಂದೆ. ಮೊಮ್ಮಗಳ ಫೋಟೋ ಮೇಲೆ ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತಿರಲಿಲ್ಲ. ಇವತ್ತಿಗೂ ಅದನ್ನು ನೆನಪಿಸುತ್ತಾರೆ.

ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ ಮಿಂಟ್‌ನ ಮೆನು ಎಡಿಟರ್ ತೆರೆದು ಟಿಕ್ ತೆಗೆಯಿರಿ, ಸಾಕು. ಆದರೆ ಬಚ್ಚಿಡೋದು ಅರ್ಧ ಕೆಲಸ. ಅಪ್ಪನಿಗೆ 'ಲಿಬ್ರೆಆಫೀಸ್ ರೈಟರ್' ಅಂದ್ರೆ ಏನು ತಿಳಿಯಬೇಕು ಹೇಳಿ? ಅದೇ ಕಾಪಿಯಲ್ಲಿ ನೇಮ್ ಸಾಲನ್ನು 'ಪತ್ರ ಬರೆಯಲು' ಅಂತ ತಿದ್ದಿ. ಸಿಸ್ಟಮ್ ಭಾಷೆ ಕನ್ನಡವಾಗಿದ್ದರೆ ಕೆಎನ್ ಅಂತ ಗುರುತಿರುವ ನೇಮ್ ಸಾಲು ತಿದ್ದಬೇಕು. ಏನೇನು ಬದಲಿಸಿದಿರಿ ಅಂತ ಅಪ್ಪನ ಕೈಲೇ ಒಂದು ಚೀಟಿಯಲ್ಲಿ ಬರೆಸಿಡಿ.

ಪ್ರಶ್ನೆ: ಬೇಡದ್ದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿಬಿಟ್ಟರೆ?

ಉತ್ತರ: ಜೊತೆಗೆ ಇನ್ನೇನೇನು ಹೋಗುತ್ತೆ ಅನ್ನೋ ಪಟ್ಟಿ ಓದದೆ ವೈ (ಯೆಸ್) ಒತ್ತುವವರಿಗೆ ನಾನು ಈ ಸಲಹೆ ಕೊಡಲ್ಲ.

ಪ್ರಶ್ನೆ: ಮೆನು ಚಿಕ್ಕದಾದರೆ ಸಿಸ್ಟಮ್ ಸ್ಪೀಡ್ ಆಗುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಗ್ನೋಮ್ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಐಕಾನ್‌ಗಳ ಗುಂಪು ಮಾಡೋದು ಹೇಗೆ?

ಉತ್ತರ: ಒಂದು ಐಕಾನನ್ನು ಇನ್ನೊಂದರ ಮೇಲೆ ಎಳೆದು ಬಿಡಿ, ಫೋಲ್ಡರ್ ಆಗುತ್ತೆ. ಫೋನಿನಲ್ಲಿ ದಿನಾ ಮಾಡ್ತೀರಲ್ವಾ?

ಪ್ರಶ್ನೆ: ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ತೆಗೆದರೂ ಮೆನುವಿನಲ್ಲಿ ಅದರ ಐಕಾನ್‌ಗಳು ಉಳಿದಿವೆ.

ಉತ್ತರ: ಹೋಮ್‌ನ ಅದೇ ಅಪ್ಲಿಕೇಷನ್ಸ್ ಒಳಗೆ ವೈನ್ ಅನ್ನೋ ಫೋಲ್ಡರ್ ಇದೆ, ಡಿಲೀಟ್ ಮಾಡಿ. ಹೌದು, ಇಲ್ಲಿ ಮಾಡಬಹುದು. ಸುಡೊ ಬೇಡ.