ಊರಿನವರನ್ನು ಜೊತೆಗೆ ಹಾಕಿಕೊಂಡರೆ ಮಕ್ಕಳು ಉಳಿಯುತ್ತಾರಾ? ಚಳ್ಳಕೆರೆ ಸೀಮೆಯಲ್ಲಿ ನಾನು ಕಂಡದ್ದು

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದುತ್ತಿದ್ದೀರಿ. ಬಡ ದೇಶಗಳಲ್ಲಿ ಊರಿನವರನ್ನೇ ಸೇರಿಸಿಕೊಂಡು ಮಕ್ಕಳ ಆರೋಗ್ಯಕ್ಕೆ ಮಾಡುವ ಕೆಲಸ ನಿಜಕ್ಕೂ ಫಲ ಕೊಡುತ್ತಾ, ಇಲ್ಲ ಅದೇ ದುಡ್ಡಲ್ಲಿ ಆಸ್ಪತ್ರೆ ಕಟ್ಟೋದು ವಾಸಿನಾ ಅಂತ ಕೇಳಿದ್ದೀರಿ. ಫೀಲ್ಡ್ ವರ್ಕ್ ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ.

ನಾನು ಇಪ್ಪತ್ತಾರು ವರ್ಷ ಚಳ್ಳಕೆರೆ, ಹಿರಿಯೂರು ತಾಲೂಕುಗಳ ಆರೋಗ್ಯ ಉಪಕೇಂದ್ರಗಳಲ್ಲಿ ಎಎನ್‌ಎಂ, ಅಂದರೆ ಹಳ್ಳಿಗಳಿಗೆ ಹೋಗಿ ಬರುವ ಸರ್ಕಾರಿ ದಾದಿ ಆಗಿದ್ದೆ. ಈಗ ಆ ಹುದ್ದೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಕರೆಯುತ್ತಾರೆ. ಜನರ ಬಾಯಲ್ಲಿ ನರ್ಸಮ್ಮ.

ನೇರವಾಗಿ ಹೇಳುತ್ತೇನೆ. ಫಲ ಕೊಡುತ್ತೆ. ಆದರೆ ಎರಡು ವಿಷಯ ಸರಿ ಇರಬೇಕು. ಕೂಸು ಅಪಾಯದಲ್ಲಿರುವ ದಿನಗಳಲ್ಲೇ ಆ ಮನೆಗೆ ಯಾರಾದರೂ ಹೋಗಬೇಕು. ಹೋದವರು ಆ ಮನೆಯಲ್ಲಿ ಯಾರ ಮಾತು ನಡೆಯುತ್ತೋ ಅವರ ಜೊತೆ ಮಾತಾಡಬೇಕು. ಕೂಸಿಗೆ ಮೊದಲು ಏನು ಕುಡಿಸಬೇಕು, ಯಾವತ್ತು ಮೈಗೆ ನೀರು ಎರೆಯಬೇಕು, ಆಸ್ಪತ್ರೆಗೆ ಒಯ್ಯಬೇಕಾ ಬೇಡವಾ, ಇದನ್ನೆಲ್ಲ ನಮ್ಮ ಕಡೆ ಹತ್ತೊಂಬತ್ತು ವರ್ಷದ ಬಾಣಂತಿ ತೀರ್ಮಾನಿಸೋದಿಲ್ಲ. ಅವಳ ಅತ್ತೆ ತೀರ್ಮಾನಿಸುತ್ತಾರೆ. ತವರಿನಲ್ಲಿದ್ದರೆ ಅವಳ ಅವ್ವ, ಅಜ್ಜಿ.

ಇದನ್ನು ನಾನು ಕಲಿತದ್ದು ಒಂದು ಕೂಸು ಕಳೆದುಕೊಂಡು.

ನಮ್ಮ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ, ಅಂದರೆ ಕುರಿ ಸಾಕುವ ಕಾಡುಗೊಲ್ಲರ ಪುಟ್ಟ ಊರುಗಳಲ್ಲಿ, ಬಾಣಂತಿಯನ್ನೂ ಕೂಸನ್ನೂ ಸೂತಕ ಕಳೆಯುವ ತನಕ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ಪದ್ಧತಿ ಇತ್ತು. ಕೆಲವು ಕಡೆ ಈಗಲೂ ಇದೆ. ಕೂಸಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ದೇವರಿಗೆ ಮೈಲಿಗೆಯಾದರೆ ಇಡೀ ಹಟ್ಟಿಗೆ ಕೇಡು, ಕುರಿಗೂ ಕೇಡು ಅನ್ನೋ ಹೆದರಿಕೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಂದು ಗುಡಿಸಲಲ್ಲಿ ಹೆರಿಗೆಯಾಯಿತು. ಹಿಂಗಾರು ಮಳೆ ಹಿಡಿದಿತ್ತು. ನನಗೆ ಸುದ್ದಿ ಮುಟ್ಟಿದ್ದು ನಾಲ್ಕನೇ ದಿನ. ಹೋಗಿ ನೋಡಿದರೆ ತೆಂಗಿನ ಗರಿಯ ಸೂರು ಒಂದು ಮೂಲೆಯಲ್ಲಿ ಸೋರುತ್ತಿತ್ತು. ಹುಟ್ಟಿದ ದಿನವೇ ಕೂಸನ್ನು ಎರೆದಿದ್ದರು. ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗಿತ್ತು. ಆಗ 108 ಆಂಬುಲೆನ್ಸ್ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಟೆಂಪೋ ಹುಡುಕಿ ಚಿತ್ರದುರ್ಗದ ಆಸ್ಪತ್ರೆಯ ದಾರಿ ಹಿಡಿದೆವು. ಅರ್ಧ ದಾರಿಯಲ್ಲೇ ಕೂಸು ಹೋಯಿತು.

ಬಸುರಿ ಇದ್ದಾಗ ಆ ಹುಡುಗಿಗೆ ನಾನು ಐದು ಸಲ ಹೇಳಿದ್ದೆ. ಬೆಚ್ಚಗಿಡು, ತಕ್ಷಣ ಎರೆಯಬೇಡ, ಮೊದಲ ಹಾಲು ಚೆಲ್ಲಬೇಡ ಅಂತ. ಅವಳು ಐದು ಸಲವೂ ಹೂಂ ಅಂದಿದ್ದಳು. ಅವಳ ಅತ್ತೆಗೆ ನಾನು ಒಂದು ಸಲವೂ ಹೇಳಿರಲಿಲ್ಲ. ಆ ಅತ್ತೆ ಟೆಂಪೋದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಕೆಲವು ವರ್ಷ ಆದ ಮೇಲೆ ಅದೇ ಹಟ್ಟಿಯಲ್ಲಿ ಸ್ತ್ರೀಶಕ್ತಿ ಸಂಘ ಶುರುವಾಯಿತು. ಉಳಿತಾಯದ ದುಡ್ಡು ಕಟ್ಟಲು ಎಲ್ಲ ಮನೆಯ ಹೆಂಗಸರೂ ಬರುತ್ತಿದ್ದರು, ಅತ್ತೆಯರೂ ಸೊಸೆಯರೂ. ನಾನು ಅಲ್ಲಿಗೆ ಹೋಗಿ ಕೂರತೊಡಗಿದೆ. ಒಂದು ದಿನ ಭಾಷಣ ಬಿಟ್ಟು ಸುಮ್ನೆ ಒಂದು ಮಾತು ಕೇಳಿದೆ. ಅಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಮಾತು ಮೀರುವವರು ಹಟ್ಟಿಯಲ್ಲಿ ಯಾರೂ ಇರಲಿಲ್ಲ.

“ಅಜ್ಜಿ, ಮಳೆಗಾಲದಾಗೆ ಕುರಿ ಈದ್ರೆ ಮರಿಗೆ ಏನು ಮಾಡ್ತೀರಿ?”

“ಮೈ ಒರೆಸ್ತೀವಿ. ತಾಯಿ ಮಗ್ಗುಲಿಗೆ ಬಿಡ್ತೀವಿ. ಗಿಣ್ಣಾಲು ಕುಡೀಲೇಬೇಕು. ಚಳಿ ಇದ್ರೆ ಕಂಬ್ಳಿ ಹಾಕ್ತೀವಿ.”

“ಮರಿನ ಎರೆಯಲ್ವಾ?”

“ಏನ್ ನರ್ಸಮ್ಮ, ಎರೆದ್ರೆ ಸತ್ತೋಗಲ್ವಾ ಅದು!”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ಕೂತಿದ್ದ ಒಬ್ಬ ಸೊಸೆ ಮೆಲ್ಲಗೆ, “ನಮ್ ಕೂಸಿನ್ನ ಮಾತ್ರ ಎರೀತೀವಿ” ಅಂದಳು. ಅಜ್ಜಿ ಅವಳ ಕಡೆ ತಿರುಗಿ ನೋಡಿದರು, ಬೈಯಲಿಲ್ಲ.

ಅವತ್ತೇ ಎಲ್ಲ ಬದಲಾಯಿತು ಅಂತ ತಿಳಿಯಬೇಡಿ. ಮೊದಲು ಬದಲಾದದ್ದು ಎರೆಯುವ ದಿನ. ಆಮೇಲೆ ಮೊದಲ ಹಾಲು ಕುಡಿಸಲು ಶುರು ಮಾಡಿದರು. ಗುಡಿಸಲು ಹೋಗಲು ವರ್ಷಗಳೇ ಹಿಡಿದವು. ಮೊದಲು ಗುಡಿಸಲಿಗೆ ಒಳ್ಳೆ ಸೂರು ಬಂತು, ದಪ್ಪ ಕಂಬಳಿ ಬಂತು. ಆಮೇಲೆ ಮನೆ ಪಕ್ಕದಲ್ಲೇ ಒಂದು ಕೋಣೆ. ಈಗ ಆ ಹಟ್ಟಿಯ ಹೆಚ್ಚಿನ ಮನೆಗಳಲ್ಲಿ ಬಾಣಂತಿ ಒಳಗೇ ಇರುತ್ತಾಳೆ. ಬೇರೆ ಹಟ್ಟಿಗಳಲ್ಲಿ ಸರ್ಕಾರದಿಂದ ಕೃಷ್ಣ ಕುಟೀರ ಅಂತ ಕಟ್ಟಡಗಳೂ ಬಂದವು. ಸೋರುವ ಗುಡಿಸಲಿಗಿಂತ ಅದು ಎಷ್ಟೋ ಮೇಲು. ಆದರೂ ಕೂಸಿನ ಜಾಗ ಮನೆಯೊಳಗೆ ಅಂತಲೇ ನಾನು ಹೇಳೋದು.

ಇದು ನನ್ನ ಒಂದು ಹಟ್ಟಿಯ ಮಾತಷ್ಟೇ ಅಲ್ಲ. ಬೇರೆ ಕಡೆ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಅದೇ ಊರಿನ ಹೆಂಗಸರಿಗೆ ತರಬೇತಿ ಕೊಟ್ಟರು. ಅವರು ಕೂಸು ಹುಟ್ಟಿದ ಮೊದಲ ತಿಂಗಳು ಮನೆಗೆ ಹೋಗಿ ತೂಕ ನೋಡುತ್ತಿದ್ದರು, ಬೆಚ್ಚಗಿಡುವುದನ್ನು ತೋರಿಸುತ್ತಿದ್ದರು, ನಂಜು ಏರಿದೆಯಾ ಅಂತ ಗುರುತಿಸಿ ಔಷಧ ಕೊಡುತ್ತಿದ್ದರು. ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು, ಹೋಲಿಸಿ ನೋಡಿದ ಬೇರೆ ಹಳ್ಳಿಗಳಿಗಿಂತ ಶೇ 62ರಷ್ಟು ಇಳಿಯಿತು. 1999ರಲ್ಲಿ ಅದು ಪ್ರಕಟವಾಯಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರಲ್ಲ, ಅದರ ಬೇರು ಅಲ್ಲಿದೆ. ದೇಶದಲ್ಲೆಲ್ಲ ಇದು ಶುರುವಾದದ್ದು 2011ರಲ್ಲಿ.

ಆ ದಿನಗಳನ್ನು ಸುಮ್ನೆ ಆರಿಸಿಲ್ಲ. ಮೊದಲ ತಿಂಗಳಲ್ಲಿ ತೀರಿಕೊಳ್ಳುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ, ಸರ್ಕಾರದ ನಗು-ಮಗು ಗಾಡಿ ತಾಯಿ ಕೂಸನ್ನು ಮನೆಗೆ ತಂದು ಬಿಡುತ್ತೆ. ಅಲ್ಲಿಂದ ಮುಂದಿನ ನಾಲ್ಕೈದು ದಿನ ಕೂಸು ಆಸ್ಪತ್ರೆಯ ಕಣ್ಣಿಗೆ ಬೀಳೋದೇ ಇಲ್ಲ. ಕಟ್ಟಡ ಎಷ್ಟು ದೊಡ್ಡದಾದರೂ ಆ ದಿನಗಳು ಅದರ ಕೈಗೆ ಸಿಗಲ್ಲ, ಅಲ್ವಾ?

ಮಾತು ನಡೆಯುವವರ ವಿಷಯಕ್ಕೆ ನೇಪಾಳದ ಮಕವಾನ್‌ಪುರ ನೋಡಿ. ಅಲ್ಲಿ ಔಷಧ ಕೊಡಲಿಲ್ಲ. ಊರಿನದೇ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಗುಂಪು ಸೇರಿಸಿ, ನಮ್ಮೂರಲ್ಲಿ ಬಾಣಂತಿಯರಿಗೆ, ಕೂಸುಗಳಿಗೆ ಏನು ತೊಂದರೆ, ನಾವೇ ಏನು ಮಾಡಬಹುದು ಅಂತ ಮಾತಾಡಿಸಿದರು. ತುರ್ತಿಗೆ ಅಂತ ಹಣ ಕೂಡಿಟ್ಟರು, ಹೊತ್ತುಕೊಂಡು ಹೋಗಲು ಡೋಲಿ ಮಾಡಿಕೊಂಡರು. ನವಜಾತ ಶಿಶುಗಳ ಸಾವು ಶೇ 30ರಷ್ಟು ಕಡಿಮೆಯಾಯಿತು. ಇದು 2004ರಲ್ಲಿ ಬಂದ ಲೆಕ್ಕ. ಜಾರ್ಖಂಡ್, ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕ್‌ಜುಟ್ ಸಂಸ್ಥೆ ಇದೇ ದಾರಿ ಹಿಡಿದಾಗಲೂ ಸಾವು ಚೆನ್ನಾಗಿಯೇ ಇಳಿಯಿತು.

ಆದರೆ ಬಾಂಗ್ಲಾದೇಶದಲ್ಲಿ ಮೊದಲ ಸಲ ಏನೂ ಆಗಲಿಲ್ಲ. ಇದನ್ನು ನೀವು ಖಂಡಿತ ಗಮನಿಸಬೇಕು. ಅಲ್ಲಿ ಸುಮಾರು 1,400 ಜನಕ್ಕೆ ಒಂದು ಗುಂಪು ಇತ್ತು. ಬಸುರಿಯರು ಬಂದದ್ದೇ ಕಡಿಮೆ. ಆಮೇಲೆ ಸುಮಾರು 300 ಜನಕ್ಕೆ ಒಂದು ಗುಂಪು ಮಾಡಿದರು. ಆಗ ನವಜಾತ ಶಿಶುಗಳ ಸಾವು ಶೇ 38ರಷ್ಟು ಇಳಿಯಿತು. ಅದೇ ದೇಶ, ಅದೇ ಕೆಲಸ. 2013ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗಲೂ ಇದೇ ಕಂಡಿತು. ಬಸುರಿಯರಲ್ಲಿ ಮೂರರಲ್ಲಿ ಒಬ್ಬರಾದರೂ ಬಂದ ಕಡೆ ಫಲ ಜಾಸ್ತಿ. ನಮ್ಮಲ್ಲೂ ಹಳ್ಳಿಗೊಂದು ಆರೋಗ್ಯ ಸಮಿತಿ, ಅಂಗನವಾಡಿಗೊಂದು ಬಾಲ ವಿಕಾಸ ಸಮಿತಿ ಇವೆ. ಎಷ್ಟೋ ಊರಲ್ಲಿ ಸಭೆ ಪುಸ್ತಕದಲ್ಲಿ ಸಹಿ ಮಾತ್ರ ಇರುತ್ತೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತೆ. ನಿಮ್ಮ ಫೀಲ್ಡ್ ವರ್ಕ್‌ನಲ್ಲಿ ಸಭೆ ಎಷ್ಟು ನಡೆದವು ಅಂತ ಎಣಿಸಬೇಡಿ. ಬಸುರಿಯರು ಎಷ್ಟು ಜನ ಬಂದಿದ್ದರು ಅಂತ ಕೇಳಿ.

ಸ್ವಲ್ಪ ದೊಡ್ಡ ಮಕ್ಕಳ ವಿಷಯಕ್ಕೆ ಬಂದರೆ ವಾಂತಿ ಭೇದಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಕ್ಕೆ ಬಂದಾಗ ಕಾಲರಾ ಹಬ್ಬಿತ್ತು. ಎಲ್ಲರಿಗೂ ಡ್ರಿಪ್ ಹಾಕಲು ಸಾಮಾನೂ ಇಲ್ಲ, ಜನವೂ ಇಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲುಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ಇವತ್ತಿನ ಓಆರ್‌ಎಸ್ ಪ್ಯಾಕೆಟ್ ಅದೇ ಬಗೆಯದು.

ನನ್ನ ಉಪಕೇಂದ್ರದಲ್ಲಿ ಪ್ಯಾಕೆಟ್‌ಗೆ ಕೊರತೆ ಇರಲಿಲ್ಲ. ಒಂದು ಮನೆಯಲ್ಲಿ ತಾಯಿ ಕೊಟ್ಟದ್ದನ್ನೆಲ್ಲ ಮಗು ಉಗುಳುತ್ತಿತ್ತು. ನಾನು ಒಂದು ಗುಟುಕು ನೋಡಿದೆ, ಉಪ್ಪೋ ಉಪ್ಪು. ಇಡೀ ಪ್ಯಾಕೆಟ್ಟನ್ನು ಒಂದು ಚೊಂಬು ನೀರಿಗೆ ಹಾಕಿದ್ದಳು. ತಪ್ಪು ಅವಳದಲ್ಲ. ಒಂದು ಲೀಟರ್ ಅಂತ ಬಾಯಲ್ಲಿ ಹೇಳಿದ್ದೆವು, ಅವಳ ಮನೆಯಲ್ಲಿ ಲೀಟರ್ ಅನ್ನೋ ಅಳತೆಯೇ ಇರಲಿಲ್ಲ. ಅಷ್ಟು ಗಟ್ಟಿಯಾಗಿ ಕಲಸಿ ಕುಡಿಸಿದರೆ ಮಗುವಿಗೇ ಅಪಾಯ. ಆಶಾ ಮತ್ತು ನಾನು ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಹಿಡಿದು ಮನೆ ಮನೆಗೆ ಹೋದೆವು. ಅವರದೇ ಒಂದು ಪಾತ್ರೆಗೆ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಮೊಳೆಯಲ್ಲಿ ಗೀರು ಹಾಕಿ ಬಂದೆವು. ಎರಡು ವಾರ ಹಿಡಿಯಿತು. ಆಮೇಲೆ ಆ ಊರಲ್ಲಿ ಆ ತಪ್ಪು ನಾನು ಮತ್ತೆ ನೋಡಲಿಲ್ಲ. ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿಸಿ ಒಟ್ಟು 14 ದಿನ ಕೊಡಬೇಕು ಅನ್ನೋದನ್ನು ಮನದಟ್ಟು ಮಾಡಿಸಲು ಮಾತ್ರ ಈಗಲೂ ಕಷ್ಟ.

ಅಪೌಷ್ಟಿಕತೆ ಬಗ್ಗೆ ಒಂದೇ ಮಾತು. ಚಳ್ಳಕೆರೆ ಕಡೆ ಶೇಂಗಾ ಕೀಳುವ ಕಾಲದಲ್ಲಿ ಅಂಗನವಾಡಿಯ ತೂಕದ ಪುಸ್ತಕ ತೆಗೆದು ನೋಡಿ. ಮಕ್ಕಳ ತೂಕ ನಿಂತಿರುತ್ತೆ, ಇಲ್ಲ ಇಳಿದಿರುತ್ತೆ. ತಾಯಿ ನಸುಕಿಗೇ ಹೊಲಕ್ಕೆ ಹೋಗಿರುತ್ತಾಳೆ, ಮಗುವಿಗೆ ಉಣ್ಣಿಸುವವರು ಇರೋದಿಲ್ಲ. ಅಲ್ಲಿ ಪೌಷ್ಟಿಕ ಆಹಾರದ ಭಾಷಣದಿಂದ ಏನೂ ಆಗಲ್ಲ, ಮಗುವನ್ನು ನೋಡಿಕೊಳ್ಳುವ ಕೈ ಬೇಕು. 2023ರ ಬಜೆಟ್‌ನಲ್ಲಿ ಘೋಷಿಸಿದ ಪಂಚಾಯಿತಿಗಳ ಕೂಸಿನ ಮನೆಗಳು, ಅಂದರೆ ಕೆಲಸಕ್ಕೆ ಹೋದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು, ಅದಕ್ಕೇ ನನಗೆ ತುಂಬ ಇಷ್ಟ.

ಹಾಗಾದರೆ ಆಸ್ಪತ್ರೆ ಬೇಡವಾ? ಬೇಕೇ ಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸು, ಫಿಟ್ಸ್ ಬರುತ್ತಿರುವ ಕೂಸು, ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದು ಊಟ ಸೇರದ ಮಗು, ಇವರನ್ನು ಮನೆಯಲ್ಲಿ ಇಟ್ಟುಕೊಳ್ಳೋ ಹಾಗೇ ಇಲ್ಲ. ಮನೆ ಬಾಗಿಲಿಗೆ ಹೋಗುವವರ ಕೆಲಸದಲ್ಲಿ ಅರ್ಧ ಇದೇ, ಯಾರನ್ನು ತಕ್ಷಣ ಕಳಿಸಬೇಕು ಅಂತ ಗುರುತಿಸೋದು. ಕಳಿಸಿದ ಮೇಲೆ ಅಲ್ಲಿ ಹಾಸಿಗೆ ಇಲ್ಲ, ಇನ್ನೊಂದು ಕಡೆ ಹೋಗಿ ಅಂದರೆ ಮುಂದಿನ ಸಲ ಆ ಹಟ್ಟಿಯವರು ಆಶಾ ಮಾತು ಕೇಳೋದಿಲ್ಲ. ನನಗೇ ಹಾಗೆ ಆಗಿದೆ. ಒಂದು ಮಗುವನ್ನು ವಾಪಸ್ ಕಳಿಸಿದ್ದಕ್ಕೆ ಆ ಊರಿನ ನಂಬಿಕೆ ಮತ್ತೆ ಗಳಿಸಲು ಎರಡು ವರ್ಷ ಬೇಕಾಯಿತು.

ಆಶಾ ಬಗ್ಗೆಯೂ ಹೇಳಲೇಬೇಕು. ಒಂದು ಕೂಸಿಗೆ ಆ ಎಲ್ಲ ಭೇಟಿ ಮುಗಿಸಿದರೆ ಸಿಗೋದು 250 ರೂಪಾಯಿ. ಬಿಸಿಲಲ್ಲಿ ಹಟ್ಟಿಯಿಂದ ಹಟ್ಟಿಗೆ ನಡೆದು ಹೋಗುವ ಹೆಣ್ಣುಮಕ್ಕಳಿಗೆ ಅದು ಏನೇನೂ ಸಾಲದು. ಸಮುದಾಯ ಅಂತ ಹೇಳುತ್ತಾ ಬಡ ಹೆಂಗಸರ ದುಡಿಮೆಯನ್ನು ಅಗ್ಗಕ್ಕೆ ತೆಗೆದುಕೊಳ್ಳೋದು ತಪ್ಪು. ನಿಮ್ಮ ವರದಿಯಲ್ಲಿ ಇದನ್ನು ಬರೆಯಿರಿ.

ಇನ್ನು ಎಲ್ಲಿಂದ ಶುರು ಮಾಡೋದು ಅಂದಿರಲ್ಲ. ಯಾವುದಾದರೂ ಹಳ್ಳಿಯ ಆಶಾ ಜೊತೆ ಮೂರನೇ ದಿನದ ಭೇಟಿಗೆ ಹೋಗಿ. ಮನೆಯವರನ್ನು ಕೇಳಿಕೊಂಡೇ ಒಳಗೆ ಹೋಗಿ. ಕೈ ತೊಳೆದುಕೊಳ್ಳಿ. ಅವರು ಒಪ್ಪಿದರೆ ಕೈಯ ಹಿಂಭಾಗದಿಂದ ಕೂಸಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಆಗಲೇ ಚಳಿ ತಗುಲಿದೆ ಅಂತ ಅರ್ಥ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಹಾಕಿಸಿ, ಮೇಲೆ ಹೊದಿಸಿ. ನೋಟ್‌ಬುಕ್ಕನ್ನು ಚೀಲದಲ್ಲೇ ಬಿಡಿ. ಚಹಾ ಕೊಟ್ಟರೆ ಕುಡಿಯಿರಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: “ರಾತ್ರಿ ಹನ್ನೆರಡು ಗಂಟೆಗೆ ಕೂಸು ಹಾಲು ಕುಡಿಯೋದು ಬಿಟ್ಟರೆ ಮೊದಲು ಯಾರನ್ನ ಎಬ್ಬಿಸ್ತೀರಿ?” ಅವರು ಯಾರ ಹೆಸರು ಹೇಳುತ್ತಾರೋ, ಮರುದಿನ ಅವರ ಜಗಲಿ ಮೇಲೆ ಹೋಗಿ ಕೂತ್ಕೊಳ್ಳಿ.