ಇವಿ ಕಾರಿಗೆ ಮನೆಯ 16 ಆಂಪ್ ಸಾಕೆಟ್ ಸಾಕಾ? ಕಲ್ಲಿದ್ದಲಿನ ಕರೆಂಟಲ್ಲಿ ಓಡಿಸಿದರೆ ಮಾಲಿನ್ಯ ನಿಜಕ್ಕೂ ಕಡಿಮೆಯಾಗುತ್ತಾ?

ಸಾಕೆಟ್ ಸಾಕು. ಆದರೆ ಗೀಸರ್‌ಗೆಂದು ಹಾಕಿಸಿದ ಹಳೆಯ ಲೈನಿಗೆ ಸಿಕ್ಕಿಸಬೇಡಿ. ಗೀಸರ್ ಸ್ವಲ್ಪ ಹೊತ್ತು ಉರಿದು ಆರುತ್ತದೆ, 3.3 ಕಿಲೋವಾಟ್ ಚಾರ್ಜರ್ ಸುಮಾರು 15 ಆಂಪ್ ಕರೆಂಟನ್ನು ಎಂಟು-ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನ ಹಿಂದಿನ ಸ್ಕ್ರೂ ಚೂರು ಸಡಿಲವಿದ್ದರೂ ಅಲ್ಲೇ ಕಾವು ಏರಿ, ಮೊದಲು ಪ್ಲಗ್ಗಿನ ಪಿನ್ ಕಪ್ಪಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ಕರಗುತ್ತದೆ. ಆಗಲೂ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗುವುದಿಲ್ಲ. ಕರೆಂಟು ಹೆಚ್ಚಾಗಿಲ್ಲ, ಕೆಟ್ಟಿರುವುದು ಜೋಡಣೆ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಡಿಬಿಯಿಂದ, ಅಂದರೆ ಮನೆಯ ಎಂಸಿಬಿಗಳಿರುವ ಪೆಟ್ಟಿಗೆಯಿಂದ, ಕಾರಿಗೆಂದೇ ಬೇರೆ ಲೈನ್ ಎಳೆಸಿ: 4 ಚದರ ಮಿಮೀ ತಾಮ್ರದ ವೈರು, 20 ಆಂಪ್ ಸಿ-ಕರ್ವ್ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್), ನೀಲಿ ಇಂಡಸ್ಟ್ರಿಯಲ್ ಸಾಕೆಟ್. ಆರ್‌ಸಿಸಿಬಿ 'ಟೈಪ್ ಎ' ಇರಲಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 'ಟೈಪ್ ಎಸಿ'. ಚಾರ್ಜರಿನ ಡಿಸಿ ಅಂಶವಿರುವ ಸೋರಿಕೆಯನ್ನು ಅದು ಹಿಡಿಯದೇ ಹೋಗಬಹುದು. ಮುಂದೆ 7.2 ಕಿಲೋವಾಟ್ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಹಾಕಿಸುವ ಯೋಚನೆ ಇದ್ದರೆ ಈಗಲೇ 6 ಚದರ ಮಿಮೀ ವೈರು ಎಳೆಸಿಬಿಡಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. 3 ಕಿಲೋವಾಟ್ ಇದ್ದರೆ ಕಾರೊಂದೇ ಅದನ್ನು ಮೀರುತ್ತದೆ, ಹೆಚ್ಚಿಸಲು ಅರ್ಜಿ ಹಾಕಿ.

ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಕೆಲವು ಎಲೆಕ್ಟ್ರಿಷಿಯನ್‌ಗಳು ಆಗ ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೊಂದು ತುಂಡು ವೈರು ಹಾಕಿ 'ಆಯ್ತು ಸಾರ್' ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಮುಂದೆಂದಾದರೂ ನ್ಯೂಟ್ರಲ್ ಕಡಿದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತದೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟುವವರ ಜೀವಕ್ಕೆ ಅಪಾಯ. ಹೊಸ ಅರ್ತ್ ಪಿಟ್ ತೋಡಿಸುವುದೇ ದಾರಿ.

ಮಾಲಿನ್ಯದ ಲೆಕ್ಕ ಹೀಗಿದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.72 ಕೆಜಿ ಇಂಗಾಲದ ಡೈಆಕ್ಸೈಡ್. ಚಾರ್ಜಿಂಗ್ ನಷ್ಟ ಸೇರಿ 100 ಕಿಮೀಗೆ 17 ಯೂನಿಟ್ ಎಂದರೆ 12 ಕೆಜಿ. ಲೀಟರಿಗೆ 15 ಕಿಮೀ ಕೊಡುವ ಪೆಟ್ರೋಲ್ ಕಾರು, ಲೀಟರಿಗೆ 2.3 ಕೆಜಿಯಂತೆ, ಅಷ್ಟೇ ದೂರಕ್ಕೆ 15 ಕೆಜಿ ಉಗುಳುತ್ತದೆ. ಬ್ಯಾಟರಿ ತಯಾರಿಕೆಯ ಹೊರೆ, ಲೈನಿನಲ್ಲಿ ಸೋರುವ ವಿದ್ಯುತ್ತು, ಪೆಟ್ರೋಲ್ ಸಂಸ್ಕರಣೆ ಇದರಲ್ಲಿ ಸೇರಿಲ್ಲ. ಹಾಗಾಗಿ ಉಳಿತಾಯ ಇದೆ, ಆದರೆ ಜಾಹೀರಾತಿನವರು ಹೇಳುವಷ್ಟಿಲ್ಲ. ತಿಂಗಳಿಗೆ ಇನ್ನೂರು ಕಿಮೀ ಓಡಿಸುವವರಿಗೆ ಬ್ಯಾಟರಿಯ ಹೊರೆ ತೀರಲು ಬಹಳ ವರ್ಷ ಬೇಕು.

ದೊಡ್ಡ ವ್ಯತ್ಯಾಸ ಬರುವುದು ಚಾರ್ಜ್ ಮಾಡುವ ಹೊತ್ತಿನಿಂದ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಮಧ್ಯಾಹ್ನ ತುಂಬಿ ಹರಿಯುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಬೇಡಿಕೆ ಏರಿದಾಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳ ಮೇಲೆ ಭಾರ ಬೀಳುತ್ತದೆ. ಕಾರು ಹಗಲು ಮನೆಯಲ್ಲೇ ಇರುವ ದಿನ ಟೈಮರ್ ಅನ್ನು ಬೆಳಿಗ್ಗೆ ಹತ್ತಕ್ಕೆ ಇಡಿ.

ಹೊಸ ಲೈನಿನಲ್ಲಿ ಮೊದಲ ಸಲ ಚಾರ್ಜ್ ಹಾಕಿದಾಗ ಒಂದು ಗಂಟೆ ಬಿಟ್ಟು ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಎಂಸಿಬಿ ಇಳಿಸಿ, ಸ್ಕ್ರೂ ಬಿಗಿ ಮಾಡಿಸಿದ ಮೇಲಷ್ಟೇ ಮತ್ತೆ ಹಾಕಿ.